ಸಮುದ್ರದಲ್ಲಿ ನಿಂತ ಕಂಬಗಳು

(ಭೂಗೋಳ ಮತ್ತು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಪೆಸಿಫಿಕ್ ಸಾಗರದ ಒಂದು ಹವಳದ ದ್ವೀಪಕ್ಕೆಂದು ನಾನು ಮಾಡಿದ ಮೊದಲ ವಿದ್ಯುತ್ ನಕ್ಷೆಯಲ್ಲಿ ಹನ್ನೊಂದು ಕಂಬಗಳು ಸಮುದ್ರದಲ್ಲಿದ್ದವು. ಒಂದೊಂದು ಕಂಬದ ಬುಡಕ್ಕೂ ನಾನೇ ಹೋಗಿ, ಜಿಪಿಎಸ್ ಹಿಡಿದು, ಗುರುತು ಹಾಕಿಕೊಂಡು ಬಂದಿದ್ದೆ. ಕಂಬಗಳು ರಸ್ತೆ ಬದಿಯಲ್ಲೇ ಗಟ್ಟಿಯಾಗಿ ನಿಂತಿದ್ದವು. ಆದರೆ ಉಪಗ್ರಹ ಚಿತ್ರದ ಮೇಲೆ ಆ ಬಿಂದುಗಳನ್ನು ಕೂರಿಸಿದಾಗ ಸಾಲಿಗೆ ಸಾಲೇ ಸರಿದು ಲಗೂನಿನ, ಅಂದರೆ ಹವಳದ ದಿಬ್ಬ ಸುತ್ತುವರಿದ ಒಳಗಡಲಿನ, ನೀರಿಗೆ ಇಳಿದಿತ್ತು. ಅಲ್ಲಿನ ಲೈನ್‌ಮ್ಯಾನ್ ಒಬ್ಬರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಒಂದು ಕಂಬದ ಮೇಲೆ ಅಂಗೈ ಇಟ್ಟು ನಿಂತರು. ಆ ಕಂಬದ ಬುಡದಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು.

ಆದ ತಪ್ಪಿನ ಲೆಕ್ಕ ಇಷ್ಟು: ಕೈಯಲ್ಲಿ ಹಿಡಿಯುವ ಜಿಪಿಎಸ್ಸಿನದು ನಾಲ್ಕೈದು ಮೀಟರ್, ಚಿತ್ರವನ್ನು ನೆಲಕ್ಕೆ ಸರಿಯಾಗಿ ಹೊಂದಿಸದೆ ಬಿಟ್ಟದ್ದರಿಂದ ಇನ್ನೊಂದು ಹತ್ತು ಮೀಟರ್. ನಮ್ಮ ಬಯಲುಸೀಮೆಯಲ್ಲಾದರೆ ಕಂಬ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುತ್ತಿತ್ತು, ಹುಡುಕಿಕೊಂಡು ಹೋದವರಿಗೆ ಹೇಗೂ ಸಿಗುತ್ತಿತ್ತು. ಅಲ್ಲಿ ಒಂದು ಕಡೆ ಸಾಗರ, ಇನ್ನೊಂದು ಕಡೆ ಲಗೂನು, ನಡುವೆ ಒಂದೇ ರಸ್ತೆ, ಅದರ ಎರಡೂ ಬದಿಗೆ ಮನೆಗಳು. ಅಂಥ ಕಡೆ ಹದಿನೈದು ಮೀಟರ್ ಅಂದರೆ ಓಣಿಯೇ ನೀರಿಗೆ ಜಾರಿದ ಹಾಗೆ. ಇವತ್ತು ನಾನು ಹೇಳುವುದೆಲ್ಲ ಈ ಹದಿನೈದು ಮೀಟರಿನ ಸುತ್ತಲೇ ಇರುತ್ತದೆ. ನೆಲ ಕಡಿಮೆಯಾದಷ್ಟೂ ನಕ್ಷೆಯ ಲೆಕ್ಕ ಬಿಗಿಯಾಗಬೇಕು. ಆ ಬಿಗಿ ಆಕಾಶದಿಂದ ಬಂದ ಚಿತ್ರವೊಂದರಿಂದಲೇ ಬರುವುದಿಲ್ಲ.

ಮೊದಲು ಜಾಗದ ಅಂದಾಜು ಸಿಗಲಿ. ಕಿರಿಬಾಟಿ ಎಂದು ಬರೆದು ಕಿರಿಬಾಸ್ ಎಂದು ಕರೆಯುವ ದೇಶ ಇದೆಯಲ್ಲ, ಅದಕ್ಕೆ 33 ದ್ವೀಪಗಳು. ಎಲ್ಲ ಸೇರಿಸಿದರೆ 811 ಚದರ ಕಿಲೋಮೀಟರ್ ನೆಲ, ಅಂದರೆ ಬೆಂಗಳೂರು ಮಹಾನಗರಕ್ಕಿಂತ ತುಸು ಹೆಚ್ಚು. ಆದರೆ ಅವು ಹರಡಿಕೊಂಡಿರುವ ಸಮುದ್ರ ಸುಮಾರು 35 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ದೇಶಕ್ಕಿಂತ ದೊಡ್ಡದು. ಟುವಾಲುವಿಗೆ ಒಂಬತ್ತು ದ್ವೀಪ, 26 ಚದರ ಕಿಲೋಮೀಟರ್ ನೆಲ, ಹನ್ನೊಂದು ಸಾವಿರದಷ್ಟು ಜನ. ಫಿಜಿ ಇವುಗಳ ಮುಂದೆ ಭಾರಿ ದೇಶ: ಮುನ್ನೂರಕ್ಕೂ ಹೆಚ್ಚು ದ್ವೀಪಗಳು, ಜನವಸತಿ ಇರುವುದು ನೂರರ ಆಸುಪಾಸಿನಲ್ಲಿ. ಬೆಟ್ಟ, ಹೊಳೆ, ಕಬ್ಬಿನ ಗದ್ದೆ ಎಲ್ಲವೂ ಅಲ್ಲುಂಟು.

ನಮ್ಮಲ್ಲಿ ಕರೆಂಟಿಗೊಂದು ಕಚೇರಿ, ನೀರು, ಒಳಚರಂಡಿಗೆ ಮತ್ತೊಂದು. ಕಿರಿಬಾಟಿಯ ರಾಜಧಾನಿ ದಕ್ಷಿಣ ತರಾವಾದಲ್ಲಿ ಪಬ್ಲಿಕ್ ಯುಟಿಲಿಟೀಸ್ ಬೋರ್ಡ್ ಎಂಬ ಒಂದೇ ಸಂಸ್ಥೆ ಮೂರನ್ನೂ ನೋಡಿಕೊಳ್ಳುತ್ತದೆ. ಇಂಥ ಸಂಸ್ಥೆಗಳಲ್ಲಿ ಎಂಜಿನಿಯರುಗಳು ಕೈಬೆರಳೆಣಿಕೆಯಷ್ಟು. ನಕ್ಷೆಗೆಂದೇ ಒಬ್ಬರಿದ್ದರೆ ಅದೇ ದೊಡ್ಡದು. ಹಾಗಾಗಿ ಈ ಭಾಗದಲ್ಲಿ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು) ಮತ್ತು ದೂರಸಂವೇದಿ (ಆಕಾಶದಿಂದ ತೆಗೆದ ಚಿತ್ರ ಓದುವುದು) ಕೆಲಸ ಬೇರೂರಿದ್ದು ಪ್ರಾದೇಶಿಕ ಸಂಸ್ಥೆಗಳ ಆಸರೆಯಲ್ಲಿ. 1972ರಲ್ಲಿ ಹುಟ್ಟಿದ ಸೋಪ್ಯಾಕ್ ಎಂಬ ಭೂವಿಜ್ಞಾನ ಸಂಸ್ಥೆ ಫಿಜಿಯ ರಾಜಧಾನಿ ಸುವಾದಲ್ಲಿತ್ತು. ಈಗ ಅದು ಪೆಸಿಫಿಕ್ ಕಮ್ಯುನಿಟಿ ಎಂಬ ದೊಡ್ಡ ಪ್ರಾದೇಶಿಕ ಸಂಸ್ಥೆಯ ಭಾಗ. ಸುವಾದಲ್ಲಿ ಈ ಕೆಲಸದವರ ಸಮಾವೇಶಗಳು ನಡೆಯುತ್ತ ಬಂದಿವೆ. ಸರ್ವೇಯವರು, ಅರಣ್ಯದವರು, ನೀರಿನವರು, ಕರೆಂಟಿನವರು ಒಂದೇ ಕೋಣೆಯಲ್ಲಿ ಕೂತು ಒಬ್ಬರ ಚಿತ್ರವನ್ನು ಇನ್ನೊಬ್ಬರು ಬಳಸಿಕೊಳ್ಳುವುದನ್ನು ನಾನು ಅಲ್ಲಿ ಕಂಡೆ. ಒಂದೇ ಚಿತ್ರವನ್ನು ನಾಲ್ಕು ಇಲಾಖೆಗಳು ನಾಲ್ಕು ಸಲ ಕೊಂಡುಕೊಳ್ಳುವಷ್ಟು ದುಡ್ಡು ಅಲ್ಲಿಲ್ಲ. ಆ ಬಡತನ ಕಲಿಸಿದ ಹಂಚಿಕೊಳ್ಳುವ ಗುಣ ನಮಗೂ ಬರಬೇಕು ಎಂದು ಮನಸಾರೆ ಅನ್ನಿಸುತ್ತದೆ.

ಕಾಲವೂ ಕೂಡಿಬಂತು. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಜನಸಾಮಾನ್ಯರ ಉಪಕರಣದಲ್ಲಿ ನೂರು ಮೀಟರಿನವರೆಗೆ ತಪ್ಪು ಬರುತ್ತಿತ್ತು. ಇನ್ನೂರು ಮೀಟರ್ ಅಗಲದ ದ್ವೀಪದಲ್ಲಿ ಅದನ್ನಿಟ್ಟುಕೊಂಡು ಏನು ಮಾಡುವುದು? ಆ ಮಸುಕು ತೆಗೆದುಬಿಟ್ಟರು. ಅದಕ್ಕೆ ತುಸು ಮುಂಚೆ, 1999ರಲ್ಲಿ, ಒಂದು ಮೀಟರ್ ಪಿಕ್ಸೆಲ್ಲಿನ, ಅಂದರೆ ಚಿತ್ರದ ಒಂದು ಚೌಕಕ್ಕೆ ನೆಲದ ಒಂದು ಮೀಟರ್ ಹಿಡಿಯುವ, ಇಕೊನೊಸ್ ಉಪಗ್ರಹ ಮೇಲೇರಿತ್ತು. ಅದಕ್ಕಿಂತ ಹಳೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಪಿಕ್ಸೆಲ್ಲಿನಲ್ಲಿ ಒಂದು ಹವಳದ ದ್ವೀಪದ ಅಗಲ ಆರೇಳು ಚೌಕಕ್ಕೆ ಮುಗಿದುಹೋಗುತ್ತದೆ. ಇಕೊನೊಸ್ ಬಂದ ಮೇಲೆ ಮನೆಯ ಸೂರು, ನೀರಿನ ಟ್ಯಾಂಕು, ತೆಂಗಿನ ಗರಿಗಳು ನಕ್ಷತ್ರದ ಹಾಗೆ ಹರಡಿದ ಸುಳಿ, ಎಲ್ಲವೂ ಬಿಡಿಬಿಡಿಯಾಗಿ ಕಾಣತೊಡಗಿದವು.

ಈಗ ತಪ್ಪಿನ ಬೇರಿಗೆ ಹೋಗೋಣ. ನಕ್ಷೆ ಮಾಡಲು ಭೂಮಿಯ ಆಕಾರಕ್ಕೊಂದು ಲೆಕ್ಕ ಬೇಕು. ನಮ್ಮ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು (ನೆಲದ ಏರಿಳಿತ, ವಿವರ ತೋರಿಸುವ ನಕ್ಷೆ ಹಾಳೆಗಳು) ಎವರೆಸ್ಟ್ ಹೆಸರಿನ ಲೆಕ್ಕದ ಮೇಲಿವೆ, ಅವನ್ನು ಜಿಪಿಎಸ್ಸಿನ ಲೆಕ್ಕಕ್ಕೆ ಹೊಂದಿಸುವ ಪಾಡು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಫಿಜಿಯಲ್ಲಿ ಬ್ರಿಟಿಷರು ದೊಡ್ಡ ದ್ವೀಪ ವೀಟಿ ಲೆವುಗೆ ಒಂದು ಲೆಕ್ಕ ಹಿಡಿದರು, ಅದು 1912ರದು. ಪಕ್ಕದ ವನುವಾ ಲೆವುಗೆ 1915ರ ಮತ್ತೊಂದು. ಎರಡೂ ಬೇರೆ ಬೇರೆ. ಆ ಕಾಲದ ಹಾಳೆಯಿಂದ ಎತ್ತಿದ ಬಿಂದುವನ್ನು ಹಾಗೆಯೇ ಜಿಪಿಎಸ್ ಬಿಂದುಗಳ ಜೊತೆ ಇಟ್ಟರೆ ನೂರಾರು ಮೀಟರ್ ಆಚೆ ಬೀಳುತ್ತದೆ.

ಇದರ ಮೇಲೆ 180 ಡಿಗ್ರಿ ರೇಖಾಂಶ. ಅದು ಫಿಜಿಯ ನಡುವೆಯೇ, ತವೇಉನಿ ದ್ವೀಪದ ಮೇಲೆ ಹಾದು ಹೋಗುತ್ತದೆ. ರೇಖೆಯ ಪಶ್ಚಿಮಕ್ಕೆ 179.99999, ನಾಲ್ಕು ಹೆಜ್ಜೆ ದಾಟಿದರೆ ಋಣ 179.99999. ಮನುಷ್ಯರಿಗೆ ಇದು ಅಕ್ಕಪಕ್ಕದ ತೋಟ, ಕಂಪ್ಯೂಟರಿಗೆ ಭೂಮಿಯ ಎರಡು ತುದಿ. ರೇಖೆ ದಾಟುವ ಒಂದು ವಿದ್ಯುತ್ ತಂತಿಯನ್ನು ಎಳೆದರೆ ಅದು ಆಫ್ರಿಕ, ಅಮೆರಿಕಗಳನ್ನೆಲ್ಲ ಹಾಯ್ದು ಇಡೀ ಭೂಪಟದ ಉದ್ದಕ್ಕೂ ಚಾಚಿಕೊಳ್ಳುತ್ತದೆ. ಭೂಮಿಯನ್ನು ಉತ್ತರ-ದಕ್ಷಿಣವಾಗಿ 60 ಭಾಗ ಮಾಡಿ, ಜಗತ್ತಿನ ಬಹುಪಾಲು ಕಡೆ ನಕ್ಷೆಗೆ ಬಳಸುವ ಯುಟಿಎಂ ಪಟ್ಟಿಗಳೂ ಸರಿಯಾಗಿ ಅಲ್ಲೇ ಕೊನೆಗೊಂಡು ಅಲ್ಲೇ ಮತ್ತೆ ಶುರುವಾಗುತ್ತವೆ. ದೇಶದ ಒಂದು ಭಾಗ 60ನೇ ಪಟ್ಟಿಯಲ್ಲಿ, ಇನ್ನೊಂದು 1ನೇ ಪಟ್ಟಿಯಲ್ಲಿ. ಅದಕ್ಕಾಗಿ ಫಿಜಿಯವರು 1986ರ ತಮ್ಮದೇ ಲೆಕ್ಕದಲ್ಲಿ, 178 ಡಿಗ್ರಿ 45 ನಿಮಿಷದ ರೇಖೆಯನ್ನು ನಡುವಿಗಿಟ್ಟು, ಫಿಜಿ ಮ್ಯಾಪ್ ಗ್ರಿಡ್ ಮಾಡಿಕೊಂಡರು. ದೇಶವೆಲ್ಲ ಒಂದೇ ಹಾಳೆಯ ಮೇಲೆ ಬಂತು. ಜಗತ್ತಿನ ಭೂಪಟ ಬರೆದವರು ಈ ಜನರನ್ನು ಕಾಗದದ ಎರಡು ಅಂಚಿಗೆ ಹರಿದು ಹಾಕಿದ್ದರು. ತಮ್ಮ ನೆಲವನ್ನು ತಾವೇ ನಡುವಿಗೆ ತಂದುಕೊಂಡ ಈ ಕೆಲಸ ನನ್ನ ಕಣ್ಣಿಗೆ ಸಣ್ಣದಲ್ಲ.

ನಾನು ಹೆಚ್ಚು ಕಾಲ ಕಳೆದದ್ದು ನೀರಿನ ನಕ್ಷೆಗಳ ಜೊತೆ. ಹವಳದ ದ್ವೀಪದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆ ಬಿದ್ದರೆ ಹವಳದ ಮರಳಿನೊಳಗೆ ಇಳಿದುಹೋಗುತ್ತದೆ. ಕೆಳಗೆ ಉಪ್ಪುನೀರು. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಸಿಹಿನೀರು ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಸಮುದ್ರ ಮಟ್ಟದಿಂದ ಒಂದು ಗೇಣು ಮೇಲೆ ಸಿಹಿನೀರಿದ್ದರೆ ಕೆಳಗೆ ಅದರ ನಲವತ್ತರಷ್ಟು ಆಳಕ್ಕಿರುತ್ತದೆ ಎನ್ನುವುದು ಪುಸ್ತಕದ ಲೆಕ್ಕ. ನಿಜದಲ್ಲಿ ಅಂಚಿನಲ್ಲಿ ಎರಡೂ ಬೆರೆತು ಇನ್ನೂ ತೆಳ್ಳಗಾಗುತ್ತದೆ. ಆ ಲೆಕ್ಕವನ್ನು ತಿರುಗಿಸಿ ನೋಡಿ: ಮೇಲಿನ ಮಟ್ಟ ಒಂದು ಬೆರಳು ಇಳಿದರೆ ಕೆಳಗಿನ ಉಪ್ಪು ನಲವತ್ತು ಬೆರಳು ಏರಿಬರುತ್ತದೆ. ಅಲ್ಲಿ ಬೋರ್‌ವೆಲ್ ಕೊರೆದು ಜೋರಾಗಿ ಎತ್ತಿದರೆ ಉಪ್ಪೇ ಬರುವುದು. ಅದಕ್ಕೇ ಮೇಲ್ಪದರದಲ್ಲಿ ತೂತುಗಳಿರುವ ಕೊಳವೆಗಳನ್ನು ಅಡ್ಡಲಾಗಿ ಹೂತು, ನೀರನ್ನು ಮೆಲ್ಲಗೆ ಕೆನೆ ತೆಗೆದ ಹಾಗೆ ತೆಗೆಯುತ್ತಾರೆ.

ದಕ್ಷಿಣ ತರಾವಾದ ಅರವತ್ತು ಸಾವಿರದಷ್ಟು ಜನರ ಕೊಳಾಯಿಗೆ ಬರುವ ನೀರಿನ ಮುಖ್ಯ ಮೂಲ ಬೊನ್ರಿಕಿ ಮತ್ತು ಬುವೊಟಾ ಎಂಬ ಎರಡು ಕಡೆ ಇರುವ ಇಂಥ ನೀರ್ಮಸೂರಗಳು. ವಿಮಾನ ನಿಲ್ದಾಣವಿರುವುದೂ ಬೊನ್ರಿಕಿಯಲ್ಲೇ. ಆ ಮೂಲೆಯಿಂದ ಹೊರಟ ಪೈಪು ದ್ವೀಪದ ಉದ್ದಕ್ಕೂ ಸಾಗಿ ಇನ್ನೊಂದು ತುದಿಯ ಬೇಷಿಯೊ ತನಕ ಹೋಗಬೇಕು. ಇಲ್ಲಿ ಉಪಗ್ರಹ ಚಿತ್ರದ ಕೆಲಸ ಬಹಳ ನಾಜೂಕಿನದು. ನೀರಿನ ಮೀಸಲು ಜಾಗದ ಮೇಲೆ ಮನೆಗಳು ಎಷ್ಟು ಬಂದಿವೆ, ಹಂದಿಗೂಡು ಎಲ್ಲಿದೆ, ಬಾಬಾಯಿ ಎಂಬ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುವ ಹೊಂಡಗಳು ಎಲ್ಲಿವೆ, ತೆಂಗಿನ ಮರಗಳು ಎಷ್ಟು ದಟ್ಟವಾಗಿವೆ, ಇವೆಲ್ಲ ವರ್ಷದಿಂದ ವರ್ಷಕ್ಕೆ ಎಣಿಸಬೇಕು. ತೆಂಗಿನ ಲೆಕ್ಕ ಯಾಕೆಂದರೆ ಅದರ ಬೇರು ನೇರ ಆ ತೆಳುವಾದ ನೀರಿಗೇ ಇಳಿದು, ಬರಗಾಲದಲ್ಲೂ ಹೀರುತ್ತಿರುತ್ತದೆ. ಕೊಡಪಾನ ತುಂಬಬೇಕೋ ತೆಂಗು ಉಳಿಯಬೇಕೋ ಎನ್ನುವ ಪ್ರಶ್ನೆ ಅಲ್ಲಿ ಬಂದದ್ದಿದೆ. ಕಾಯಿ ಮಾರಿ ಬದುಕುವ ಮನೆಯವರ ಎದುರು ಆ ಚಿತ್ರ ಬಿಡಿಸಿ ಕೂತಾಗ ನಾಲಿಗೆ ಒಣಗುತ್ತದೆ. ಪರದೆಯ ಮೇಲೆ ನಾನು ಎಣಿಸಿದ ಪ್ರತಿ ನಕ್ಷತ್ರವೂ ಒಬ್ಬರ ಮರ. ಮೀಸಲು ಜಾಗದ ಗಡಿಯನ್ನು ಐದು ಮೀಟರ್ ಆಚೆ ಎಳೆದರೆ ಯಾರದೋ ಮನೆ ಅಕ್ರಮವಾಗುತ್ತದೆ. ಹದಿನೈದು ಮೀಟರಿನ ತಪ್ಪು ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಎಂದು ಈಗ ನಿಮಗೆ ತಿಳಿದಿರಬಹುದು.

ಮಾರ್ಷಲ್ ದ್ವೀಪಗಳ ಮಜುರೊದಲ್ಲಿ ಇನ್ನೊಂದು ಉಪಾಯ ಮಾಡಿದ್ದಾರೆ. ವಿಮಾನ ಇಳಿಯುವ ರನ್‌ವೇ ಮೇಲೆ ಬಿದ್ದ ಮಳೆಯನ್ನೇ ಹಿಡಿದು, ಪಕ್ಕದ ಜಲಾಶಯಗಳಿಗೆ ಹರಿಸಿ, ಶುದ್ಧ ಮಾಡಿ ಊರಿಗೆ ಕೊಡುತ್ತಾರೆ. ಅಷ್ಟು ವಿಶಾಲವಾದ ಗಟ್ಟಿ ನೆಲ ಆ ದ್ವೀಪದಲ್ಲಿ ಬೇರೆ ಇಲ್ಲ.

ಚಿತ್ರಕ್ಕೆ ಕಾಣದ ಸಂಗತಿಗೆ ಬರುತ್ತೇನೆ. ನೆಲದೊಳಗಿನ ಪೈಪನ್ನು ಯಾವ ಸಾಧಾರಣ ಉಪಗ್ರಹ ಚಿತ್ರವೂ ತೋರಿಸದು. ಒಂದು ದ್ವೀಪದಲ್ಲಿ ಹಳೆಯ ನೀಲಿ ಹಾಳೆಗಳಿಂದ (ಬ್ಲೂಪ್ರಿಂಟುಗಳಿಂದ) ನಾನು ನೀರಿನ ಪೈಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದೆ. ಅದನ್ನು ನಂಬಿ ಒಂದು ವಾಲ್ವ್ ಹುಡುಕಲು ರಸ್ತೆ ಅಗೆದರು. ಸಿಗಲಿಲ್ಲ. ಆ ಕಡೆ ಅಗೆದರು, ಈ ಕಡೆ ಅಗೆದರು. ಮಧ್ಯಾಹ್ನದ ಹೊತ್ತಿಗೆ ಒಂದು ಓಣಿಯ ನೀರು ನಿಂತಿತ್ತು, ಜನ ಬಕೆಟ್ ಹಿಡಿದು ನಮ್ಮ ಸುತ್ತ ನಿಂತಿದ್ದರು. ಕೊನೆಗೆ ಕೆಲಸದಿಂದ ನಿವೃತ್ತರಾಗಿದ್ದ ಒಬ್ಬ ಫಿಟ್ಟರನ್ನು ಯಾರೋ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಹಿರಿಯರು ಇಳಿದು, ಒಂದು ಮನೆಯ ಜಗುಲಿಯ ಕಡೆ ನೋಡಿ, ಇಲ್ಲೊಂದು ದೀವಿಹಲಸಿನ ಮರ ಇತ್ತಲ್ಲ ಅಂದರು. ದೀವಿಹಲಸು ಅಂದರೆ ನಮ್ಮ ಕರಾವಳಿಯವರ ಜೀಗುಜ್ಜೆ. ಮರ ಬಿರುಗಾಳಿಗೆ ಬಿದ್ದು ವರ್ಷಗಳಾಗಿದ್ದವು. ಆ ಮರ ಇದ್ದ ಜಾಗದಿಂದ ಏಳು ಹೆಜ್ಜೆ ಅಳೆದು, ಕಾಲಲ್ಲಿ ಗೀರಿ, ಇಲ್ಲಿ ಎಂದರು. ಅಲ್ಲೇ ಇತ್ತು. ಅರ್ಧ ಮೀಟರೂ ಆಚೀಚೆ ಇಲ್ಲ.

ಮರುದಿನದಿಂದ ಎರಡು ವಾರ ನಾನು ಬೇರೆ ಕೆಲಸ ಮಾಡಲಿಲ್ಲ. ಉಪಗ್ರಹ ಚಿತ್ರವನ್ನು ದೊಡ್ಡ ಹಾಳೆಗಳಲ್ಲಿ ಮುದ್ರಿಸಿಕೊಂಡು ಆ ಹಿರಿಯರ ಜೊತೆ ಊರೆಲ್ಲ ನಡೆದೆ. ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋದರು, ನಾನು ಹಿಂದಿನಿಂದ ಒಳ್ಳೆಯ ಜಿಪಿಎಸ್ ಹಿಡಿದು ಅಳೆಯುತ್ತ ಹೋದೆ. ನಮ್ಮ ಹಳ್ಳಿಗಳ ನೀರುಗಂಟಿಯ ನೆನಪು ಒತ್ತರಿಸಿ ಬರುತ್ತಿತ್ತು. ಯಾವ ತೂಬು ತಿರುಗಿಸಿದರೆ ಯಾರ ಗದ್ದೆಗೆ ನೀರು ಹೋಗುತ್ತದೆ ಎಂಬುದು ಅವನೊಬ್ಬನ ತಲೆಯಲ್ಲಿರುತ್ತದೆ, ಅವನು ಹೋದರೆ ಅದೂ ಹೋಯಿತು. ಅಂದಿನಿಂದ ನನ್ನ ಪ್ರತಿ ನಕ್ಷೆಯ ಪಟ್ಟಿಯಲ್ಲಿ ಎರಡು ಕಾಲಂಗಳು ಕಡ್ಡಾಯ: ಈ ಬಿಂದು ಇಲ್ಲಿದೆ ಎಂದು ಹೇಳಿದವರು ಯಾರು, ಎಷ್ಟು ಮೀಟರಿನವರೆಗೆ ನಂಬಬಹುದು. ತುಂಬ ತರಬೇತಿಗಳಲ್ಲಿ ಇದನ್ನು ಹೇಳಿಕೊಡುವುದೇ ಇಲ್ಲ. ತಪ್ಪಿಲ್ಲದ ನಕ್ಷೆ ಯಾರಿಂದಲೂ ಆಗದು. ತನ್ನ ತಪ್ಪಿನ ಅಳತೆಯನ್ನು ತಾನೇ ಬರೆದಿಟ್ಟುಕೊಂಡ ನಕ್ಷೆಯನ್ನು ನಂಬಿ ಗುದ್ದಲಿ ಹಾಕಬಹುದು.

ಚಿತ್ರವನ್ನು ನೆಲಕ್ಕೆ ಹೊಂದಿಸುವ ಬಗೆಯನ್ನೂ ಹೇಳಿಬಿಡುತ್ತೇನೆ. ನೆಲದ ಮೇಲೆ ಅಲುಗದ, ಚಿತ್ರದಲ್ಲೂ ಚೆನ್ನಾಗಿ ಕಾಣುವ ಮೂಲೆಗಳು ಬೇಕು. ಹವಳದ ದ್ವೀಪದಲ್ಲಿ ಅಂಥವು ಕಡಿಮೆ: ಚರ್ಚಿನ ಮೆಟ್ಟಿಲು, ಕಾಂಕ್ರೀಟ್ ಟ್ಯಾಂಕಿನ ತಳ, ದೋಣಿ ನಿಲ್ಲುವ ಧಕ್ಕೆಯ ತುದಿ. ಸೂರಿನ ಮೂಲೆ ಹಿಡಿಯಬೇಡಿ. ಉಪಗ್ರಹ ಓರೆಯಾಗಿ ನೋಡಿದ್ದರೆ ಎತ್ತರವಿದ್ದುದೆಲ್ಲ ವಾಲಿರುತ್ತದೆ. ದಡವನ್ನಂತೂ ಹಿಡಿಯಲೇಬೇಡಿ. ಉಬ್ಬರದಲ್ಲಿ ತೆಗೆದ ಚಿತ್ರದ ದಡ ಬೇರೆ, ಇಳಿತದ್ದು ಬೇರೆ. ಈ ಎರಡನ್ನು ಹೋಲಿಸಿ ದ್ವೀಪ ಕರಗಿತು ಎಂದು ಬರೆದವರನ್ನೂ ನೋಡಿದ್ದೇನೆ.

ಕರೆಂಟಿನ ಕಡೆ ನಕ್ಷೆಯ ದೊಡ್ಡ ಲಾಭ ಸೋರಿಕೆಯ ಲೆಕ್ಕ. ಯಾವ ಮನೆಯ ವಿದ್ಯುತ್ ಮೀಟರ್ ಯಾವ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಸೇರಿದೆ ಎಂದು ಗೊತ್ತಾದರೆ, ಟಿಸಿಯಿಂದ ಹೊರಟದ್ದೆಷ್ಟು, ಮನೆಗಳಲ್ಲಿ ಓದಿದ್ದೆಷ್ಟು ಎಂದು ಕಳೆದು ನೋಡಬಹುದು. ಡೀಸೆಲ್ ಹಡಗಿನಲ್ಲಿ ಬರುವ ದ್ವೀಪದಲ್ಲಿ ಸೋರಿದ ಒಂದೊಂದು ಯೂನಿಟ್ಟೂ ದುಬಾರಿ. ನೀರಿಗೂ ಇದೇ ಲೆಕ್ಕ. ನಡುರಾತ್ರಿ ಎರಡರಿಂದ ನಾಲ್ಕರ ನಡುವೆ, ಊರು ಮಲಗಿರುವಾಗ, ಒಂದು ಬಡಾವಣೆಗೆ ಹರಿಯುವ ನೀರಿನಲ್ಲಿ ಬಹುಪಾಲು ಸೋರಿಕೆಯೇ. ಆದರೆ ನೀರು ದಿನವಿಡೀ ಇದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಸರದಿಯ ಮೇಲೆ ನೀರು ಬಿಡುವ ಊರಿನ ಕಷ್ಟ ನಿಮ್ಮಲ್ಲಿ ಅನೇಕರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಫಿಜಿಯ ಕಬ್ಬಿನ ಸೀಮೆಯಲ್ಲಿ ಮೀಟರುಗಳನ್ನು ಹುಡುಕುತ್ತ ತಿರುಗುವಾಗ ಮನೆ ಸಂಖ್ಯೆ ಎಂಬುದಿರಲಿಲ್ಲ. ಮಂದಿರದ ಹಿಂದೆ, ಕಬ್ಬಿನ ರೈಲು ಹಳಿ ದಾಟಿದ ಮೇಲೆ, ಮಾವಿನ ಮರದ ಎದುರು, ಹೀಗೆ ವಿಳಾಸ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಚಹಾ ಕೊಟ್ಟು, ತಮ್ಮ ಅಜ್ಜ ಮದ್ರಾಸಿನ ಬಂದರಿನಲ್ಲಿ ಹಡಗು ಹತ್ತಿ ಗಿರ್ಮಿಟ್‌ನಲ್ಲಿ ಬಂದವರು ಎಂದರು. ಗಿರ್ಮಿಟ್ ಅಂದರೆ ನಮಗೆ ಹುಬ್ಬಳ್ಳಿ ಕಡೆಯ ಮಂಡಕ್ಕಿ. ಅಲ್ಲಿ ಅದು ಅಗ್ರಿಮೆಂಟ್ ಎಂಬ ಮಾತು ಸವೆದು ಆದ ಶಬ್ದ. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಆ ಕರಾರಿನ ಮೇಲೆ ಫಿಜಿಯ ಕಬ್ಬಿನ ಗದ್ದೆಗಳಿಗೆ ಒಯ್ದರು. 1903ರ ನಂತರ ದಕ್ಷಿಣದವರೂ ಸೇರಿದರು. ಆ ಮನೆಯ ಮೀಟರ್ ಸಂಖ್ಯೆ ಬರೆದುಕೊಳ್ಳುವಾಗ ನನ್ನ ಕೈ ಸ್ವಲ್ಪ ನಿಧಾನವಾಯಿತು.

ಅನಾಹುತದ ಸಮಯದಲ್ಲಿ ಇದೆಲ್ಲ ಹೇಗೆ ನೆರವಾಗುತ್ತದೆ ಎಂದು ಕೇಳುತ್ತೀರಿ. 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಚಂಡಮಾರುತ ಫಿಜಿಯನ್ನು ಹೊಡೆದು 44 ಜನ ಸತ್ತರು. ಅಂಥ ಗಾಳಿಯ ನಂತರ ಕಂಬಗಳ ನಕ್ಷೆ ಇದ್ದ ಕಡೆ ಯಾವ ಲೈನಿಗೆ ಎಷ್ಟು ಕಂಬ ಸಾಗಿಸಬೇಕು ಎಂದು ಆ ದಿನವೇ ಹೇಳಬಹುದು, ಇಲ್ಲದ ಕಡೆ ನಡೆದು ಎಣಿಸಬೇಕು. ಆದರೆ ನನಗೆ ಹೆಚ್ಚು ಪಾಠ ಹೇಳಿದ್ದು ಟೋಂಗಾ. 2022ರ ಜನವರಿ 15ರಂದು ಹುಂಗಾ ಟೋಂಗಾ ಹುಂಗಾ ಹಾಪೈ ಜ್ವಾಲಾಮುಖಿ ಸಿಡಿಯಿತು. ಸುನಾಮಿ ಬಂತು, ಬೂದಿ ಸುರಿಯಿತು. ಸೂರಿನ ಮೇಲೆ ಬಿದ್ದ ಬೂದಿ ಮಳೆನೀರಿನ ಟ್ಯಾಂಕುಗಳಿಗೂ ಇಳಿಯುವ ಭಯ. ಜಗತ್ತಿನ ಉಪಗ್ರಹಗಳೆಲ್ಲ ಅತ್ತ ತಿರುಗಿದವು. ಮುಂಚೆ ಹೇಗಿತ್ತು, ಈಗ ಹೇಗಿದೆ ಎನ್ನುವ ಚಿತ್ರಗಳನ್ನು ನಾವು ನೀವೆಲ್ಲ ಫೋನಿನಲ್ಲಿ ನೋಡಿದೆವು. ಟೋಂಗಾದವರಿಗೆ ಮಾತ್ರ ಅವನ್ನು ನೋಡುವ ದಾರಿ ಕಡಿದುಹೋಗಿತ್ತು. ಸಮುದ್ರದ ತಳದ ಕೇಬಲ್ ತುಂಡಾಗಿ, ಹೊರ ಜಗತ್ತಿನ ಜೊತೆಗಿನ ಆ ಸಂಪರ್ಕ ಮರಳಲು ಐದು ವಾರ ಬೇಕಾಯಿತು. ದೇಶದೊಳಗಿನ ದ್ವೀಪಗಳ ನಡುವಿನ ಕೇಬಲ್‌ಗೆ ಒಂದು ವರ್ಷಕ್ಕೂ ಹೆಚ್ಚು.

ಆಮೇಲೆ ನಾನು ಯಾವ ದ್ವೀಪದ ಸಂಸ್ಥೆಗೆ ಕೆಲಸ ಮಾಡಿದರೂ ಎರಡು ವಿಷಯದಲ್ಲಿ ಹಟ ಹಿಡಿದಿದ್ದೇನೆ. ಇಡೀ ನಕ್ಷೆಯ ಒಂದು ಪ್ರತಿ ಕಚೇರಿಯ ಕಂಪ್ಯೂಟರಿನಲ್ಲೇ, ಇಂಟರ್ನೆಟ್ ಇಲ್ಲದೆ ತೆರೆಯುವ ಹಾಗೆ, ಕ್ಯೂಜಿಐಎಸ್‌ನಂಥ ದುಡ್ಡು ಕೇಳದ ತಂತ್ರಾಂಶದಲ್ಲಿ ಇರಬೇಕು. ಇನ್ನೊಂದು ಪ್ರತಿ ಕಾಗದದ ಮೇಲೆ, ಪ್ಲಾಸ್ಟಿಕ್ ಹೊದಿಸಿ, ಲೈನ್‌ಮ್ಯಾನ್‌ನ ಗಾಡಿಯಲ್ಲಿ ಇರಬೇಕು. ಹೊರಗಿನಿಂದ ಬಂದ ಸಲಹೆಗಾರರ ಲ್ಯಾಪ್‌ಟಾಪಿನಲ್ಲಿ ಊರಿನ ಪೈಪುಗಳ ನಕ್ಷೆ ವಿಮಾನ ಹತ್ತಿ ಹೋದದ್ದನ್ನು ನಾನು ಕಂಡಿದ್ದೇನೆ. ಅದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ಮಾತು ಶುರುವಾಗುವ ಮುಂಚೆ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದರು, ಸಾಗರ ಏರಿ ಮುಳುಗಲಿರುವ ದ್ವೀಪಗಳಿಗೆ ಇಷ್ಟು ಕಷ್ಟಪಟ್ಟು ಕಂಬ, ಪೈಪುಗಳ ನಕ್ಷೆ ಯಾಕೆ ಎಂದು. ನಾಳೆ ಬೆಳಿಗ್ಗೆ ಅವರಿಗೆ ನೀರು ಬೇಕಮ್ಮ, ಅದಕ್ಕೆ. ಇನ್ನೊಂದನ್ನೂ ಹೇಳುತ್ತೇನೆ. 2019ರಲ್ಲಿ ಟುವಾಲುವಿನ ಒಂಬತ್ತೂ ದ್ವೀಪಗಳ ಎತ್ತರವನ್ನು ವಿಮಾನದಿಂದ ಲೈಡಾರ್, ಅಂದರೆ ಲೇಸರ್ ಬೆಳಕಿನ ಅಳತೆ, ಬಳಸಿ ಅಳೆದರು. ಮೊದಲ ಸಲ ದೇಶದ ಪ್ರತಿ ತಗ್ಗು, ಪ್ರತಿ ದಿಬ್ಬದ ಲೆಕ್ಕ ಸಿಕ್ಕಿತು. ಬಳಿಕ ಅಲ್ಲಿನ ರಾಜಧಾನಿ ಫುನಾಫುತಿಯಲ್ಲಿ ಲಗೂನಿನ ಮರಳನ್ನೇ ಎತ್ತಿ ತುಂಬಿ, 2023ರ ಹೊತ್ತಿಗೆ ಏಳು ಹೆಕ್ಟೇರಿಗೂ ಹೆಚ್ಚು ಹೊಸ ನೆಲವನ್ನು ಎತ್ತರಿಸಿ ನಿಲ್ಲಿಸಿದರು. ಆ ನೆಲಕ್ಕೆ ಬೆಳಕು ಬೇಕು, ನೀರು ಬೇಕು. ಹಳೆಯ ಉಪಗ್ರಹ ಚಿತ್ರದ ಮೇಲೆ ಅಲ್ಲಿನ ಒಂದು ಕಂಬವನ್ನು ಇಟ್ಟು ನೋಡಿ, ಅದು ಸಮುದ್ರದಲ್ಲಿ ನಿಂತಿರುತ್ತದೆ. ಈ ಸಲ ಕಂಬ ಸರಿಯಾದ ಜಾಗದಲ್ಲೇ ಇದೆ, ಹೊಸ ಚಿತ್ರ ಹಾಕಬೇಕು.